ಎರಡು ಪ್ರಬಂಧ, ಎರಡು ಮಾತು: ಪ್ಲೇಟಿಂಗ್ ಕೆಲಸಗಾರ ಯಾವುದನ್ನು ನಂಬಬೇಕು?

ಪ್ರಶ್ನೆ: ಪೀಣ್ಯದ ಒಂದು ಕ್ರೋಮ್ ಪ್ಲೇಟಿಂಗ್ ಘಟಕದಲ್ಲಿ ನಾನು ಸೂಪರ್‌ವೈಸರ್. ಟ್ಯಾಂಕಿನ ಪಕ್ಕ ನಿಲ್ಲುವ ಹುಡುಗರ ಬೆರಳಿನ ಗೆಣ್ಣುಗಳಲ್ಲಿ ಸಣ್ಣ ಗುಳಿಗಳಾಗುತ್ತವೆ, ಬೇಗ ಮಾಯುವುದಿಲ್ಲ. ಕೆಮಿಕಲ್ ಮಾರಲು ಬಂದವರೊಬ್ಬರು ವಿದೇಶಿ ಪತ್ರಿಕೆಯ ಪ್ರಬಂಧವೊಂದನ್ನು ತೋರಿಸಿ, ‘ಕ್ಯಾನ್ಸರ್ ಗೀನ್ಸರ್ ಎಲ್ಲ ಸುಳ್ಳು ಸಾರ್’ ಅಂದರು. ಎಂ.ಎಸ್ಸಿ. ಓದುತ್ತಿರುವ ಮಗಳು ಇನ್ನೊಂದು ಪ್ರಬಂಧ ಹುಡುಕಿ ತಂದು, ‘ಅಪ್ಪಾ, ಇದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ’ ಅನ್ನುತ್ತಾಳೆ. ಎರಡೂ ಅಚ್ಚಾದ ಸಂಶೋಧನೆಗಳೇ. ಅಚ್ಚು ಹಾಕುವ ಮೊದಲು ಯಾರೂ ಪರೀಕ್ಷೆ ಮಾಡುವುದಿಲ್ಲವೇ? ನಾವು ಯಾವುದನ್ನು ನಂಬಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮಗಳು ಹೇಳಿದ್ದು ಸರಿ. ಉಳಿದದ್ದನ್ನು ಆಮೇಲೆ ವಿವರಿಸುತ್ತೇನೆ, ಇದನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ಕ್ರೋಮ್ ಟ್ಯಾಂಕಿನಿಂದ ಏಳುವ ಹಬೆಯಲ್ಲಿರುವ ಕ್ರೋಮಿಯಂ-6 (ಆರನೆಯ ಸ್ಥಿತಿಯ ಕ್ರೋಮಿಯಂ) ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದು ಇಂದು ವಾದದ ವಿಷಯವಾಗಿ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1990ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಆ ತೀರ್ಮಾನಕ್ಕೆ ಆಧಾರವಾದದ್ದು ಮೂರು ಬಗೆಯ ಕೆಲಸಗಾರರ ದಾಖಲೆ: ಕ್ರೋಮೇಟ್ ತಯಾರಿಸುವವರು, ಕ್ರೋಮೇಟ್ ಬಣ್ಣ ಮಾಡುವವರು, ಮತ್ತು ನಿಮ್ಮ ಹುಡುಗರ ಹಾಗೆ ಕ್ರೋಮ್ ಪ್ಲೇಟಿಂಗ್ ಮಾಡುವವರು.

ಮಾರಾಟಗಾರರು ತೋರಿಸಿದ ಪ್ರಬಂಧ ಯಾವುದೆಂದು ನೀವು ಬರೆದಿಲ್ಲ. ಆದರೆ ಅಂಥ ಪ್ರಬಂಧಗಳು ಹೇಗೆ ಹುಟ್ಟುತ್ತವೆ, ಒಳ್ಳೆಯ ಪತ್ರಿಕೆಗಳಲ್ಲೇ ಹೇಗೆ ಅಚ್ಚಾಗುತ್ತವೆ ಎಂಬುದಕ್ಕೆ ಕ್ರೋಮಿಯಂನ ಇತಿಹಾಸದಲ್ಲೇ ಬೇಕಾದಷ್ಟು ಪುರಾವೆ ಇದೆ. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇರುವುದು ಅಲ್ಲಿ.

ಅದಕ್ಕೆ ಮೊದಲು ನಿಮ್ಮ ಟ್ಯಾಂಕಿನ ಕಥೆ. ಕ್ರೋಮ್ ಬಾತ್‌ನಲ್ಲಿರುವುದು ಕ್ರೋಮಿಕ್ ಆಸಿಡ್. ಕರೆಂಟ್ ಹರಿಸಿದಾಗ ಅದರ ಬಹುಪಾಲು ನೀರನ್ನು ಒಡೆಯುವುದಕ್ಕೇ ಹೋಗುತ್ತದೆ, ಲೋಹ ಕೂರಿಸುವುದಕ್ಕೆ ಸಿಗುವುದು ಸ್ವಲ್ಪವೇ. ಹೀಗೆ ಹುಟ್ಟಿದ ಹೈಡ್ರೋಜನ್, ಆಕ್ಸಿಜನ್ ಗುಳ್ಳೆಗಳು ಮೇಲಕ್ಕೆ ಬಂದು ಒಡೆಯುತ್ತವೆ. ಒಡೆಯುವಾಗ ಒಂದೊಂದು ಗುಳ್ಳೆಯೂ ಆಸಿಡ್‌ನ ಅತಿ ಸಣ್ಣ ಹನಿಗಳನ್ನು ಗಾಳಿಗೆ ಚಿಮ್ಮಿಸುತ್ತದೆ. ಕೈಗೆ ಬಿದ್ದದ್ದು ಗೀರು, ತರಚು ಇದ್ದ ಕಡೆ ಒಳಹೊಕ್ಕು ಗುಳಿ ತೋಡುತ್ತದೆ. ಉಸಿರಿನೊಂದಿಗೆ ಹೋದದ್ದು ಮೂಗಿನ ನಡುಗೋಡೆಗೆ ಅಂಟಿಕೊಂಡು, ಕಾಲಕ್ರಮದಲ್ಲಿ ಅಲ್ಲೊಂದು ತೂತು ಮಾಡಬಲ್ಲದು. ಈ ತೂತು ಎಷ್ಟೋ ಸಲ ನೋಯುವುದೇ ಇಲ್ಲ. ವೈದ್ಯರು ಮೂಗಿನೊಳಗೆ ಬೆಳಕು ಹಾಯಿಸಿ ನೋಡಿದಾಗಲೇ ಗೊತ್ತಾಗುವುದು. ಇನ್ನೂ ಕೆಳಗಿಳಿದದ್ದು ಶ್ವಾಸಕೋಶ ಸೇರುತ್ತದೆ. ಕ್ರೋಮಿಯಂ-6 ಇರುವ ಕ್ರೋಮೇಟಿನ ಕಣ ಆಕಾರದಲ್ಲಿ ಸಲ್ಫೇಟನ್ನು ಹೋಲುವುದರಿಂದ, ಸಲ್ಫೇಟನ್ನು ಒಳಬಿಡುವ ದಾರಿಯಲ್ಲೇ ಜೀವಕೋಶದೊಳಕ್ಕೆ ನುಗ್ಗುತ್ತದೆ. ಒಳಗೆ ಹೋದಮೇಲೆ ಅದು ಕ್ರೋಮಿಯಂ-3 ಆಗಿ ಬದಲಾಗುತ್ತದೆ, ಆ ಬದಲಾವಣೆಯ ಹಾದಿಯಲ್ಲೇ ಡಿ.ಎನ್.ಎ.ಗೆ ಪೆಟ್ಟು ಬೀಳುತ್ತದೆ. ಹೊರಗಿನಿಂದ ಬರುವ ಕ್ರೋಮಿಯಂ-3 ಹೀಗೆ ಸಲೀಸಾಗಿ ಒಳಹೋಗಲಾರದು. ಅಡುಗೆಮನೆಯ ಸ್ಟೀಲ್ ಪಾತ್ರೆಯಲ್ಲೂ ಕ್ರೋಮಿಯಂ ಇದೆಯಲ್ಲ ಎಂದು ಯಾರಾದರೂ ವಾದಿಸಿದರೆ ಈ ವ್ಯತ್ಯಾಸವನ್ನು ಹೇಳಿ: ಅಲ್ಲಿರುವುದು ಲೋಹ, ಇಲ್ಲಿರುವುದು ಆರನೆಯ ಸ್ಥಿತಿಯ ಆಮ್ಲ.

ಈಗ ಇತಿಹಾಸಕ್ಕೆ ಬರುತ್ತೇನೆ. ನಿಮ್ಮ ಹುಡುಗರ ಬೆರಳಿನ ಗುಳಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿ ಸುಮಾರು ಇನ್ನೂರು ವರ್ಷವಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯ ವಿಲಿಯಂ ಕ್ಯುಮಿನ್ 1827ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬೈಕ್ರೋಮೇಟ್ ಎಂಬ ಕ್ರೋಮಿಯಂ ಲವಣದ ದ್ರಾವಣದಲ್ಲಿ ಕೈಯಾಡಿಸುವವರ ಚರ್ಮದಲ್ಲಾಗುವ ಹುಣ್ಣುಗಳನ್ನು ವಿವರಿಸಿದರು. ಈ ಲೇಖನದ ಶೀರ್ಷಿಕೆ ನನಗೆ ಬಹಳ ಇಷ್ಟ. ಏಕೆಂದರೆ ಅದರ ಮೊದಲ ಅರ್ಧ ನಮ್ಮ ಎಕ್ಕದ ಗಿಡದ ಔಷಧಗುಣಗಳ ಬಗ್ಗೆ, ಎರಡನೆಯ ಅರ್ಧ ಬೈಕ್ರೋಮೇಟಿನ ಬಗ್ಗೆ. ಭಾರತದಿಂದ ಹೋದ ಎಕ್ಕವನ್ನೂ ತನ್ನೂರಿನ ಕಾರ್ಖಾನೆಯ ಹೊಸ ವಿಷವನ್ನೂ ಒಬ್ಬನೇ ವೈದ್ಯ ಒಂದೇ ಉಸಿರಿನಲ್ಲಿ ವರದಿ ಮಾಡಿದ ಕಾಲ ಅದು. ಕಂಡದ್ದನ್ನು ಕಂಡ ಹಾಗೆ ಬರೆದ, ಅಚ್ಚು ಹಾಕಿಸಿದ. ನಡುವೆ ವಕೀಲರಿರಲಿಲ್ಲ, ಸಲಹಾ ಸಂಸ್ಥೆಗಳಿರಲಿಲ್ಲ.

ಗ್ಲಾಸ್ಗೋದ ಹತ್ತಿರವೇ ವೈಟ್ ಮನೆತನದ ದೊಡ್ಡ ಕ್ರೋಮ್ ಕಾರ್ಖಾನೆ ಬೆಳೆಯಿತು. ಅಲ್ಲಿನ ಕೆಲಸಗಾರರ ಮೂಗಿನ ತೂತು ಊರಿಗೆಲ್ಲ ಗೊತ್ತಿದ್ದ ಸಂಗತಿ. 1890ರಲ್ಲಿ ಅದೇ ನಗರದ ವೈದ್ಯಕೀಯ ಪತ್ರಿಕೆಯಲ್ಲಿ ನ್ಯೂಮನ್ ಎಂಬ ವೈದ್ಯರು ಕ್ರೋಮ್ ಬಣ್ಣದ ಕೆಲಸಗಾರನೊಬ್ಬನ ಮೂಗಿನಲ್ಲಿ ಕಂಡ ಕ್ಯಾನ್ಸರನ್ನು ವರದಿ ಮಾಡಿದರು. 1899ರಲ್ಲಿ ಬ್ರಿಟನ್ನಿನ ಕಾರ್ಮಿಕ ನಾಯಕ ಕೀರ್ ಹಾರ್ಡಿ ಆ ಕಾರ್ಖಾನೆಯ ಸ್ಥಿತಿಯನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿ ಹಂಚಿದರು. ಮಾಲೀಕ ಲಾರ್ಡ್ ಓವರ್‌ಟೌನ್ ದಾನಧರ್ಮಕ್ಕೆ ಹೆಸರಾದ ಧರ್ಮಿಷ್ಠ. ಅಂಥವರ ಕಾರ್ಖಾನೆಯಲ್ಲೇ ಹೀಗೆ ಎಂಬ ಸುದ್ದಿ ದೇಶವನ್ನು ಕಲಕಿತು. ವೈದ್ಯರ ಪ್ರಬಂಧ ಎಪ್ಪತ್ತು ವರ್ಷದಲ್ಲಿ ಮಾಡಲಾಗದ ಗದ್ದಲವನ್ನು ಆ ಕಿರುಪುಸ್ತಕ ಕೆಲವೇ ತಿಂಗಳಲ್ಲಿ ಮಾಡಿತು. ಸಂಶೋಧನೆ ಅಚ್ಚಾಗುವುದು ಬೇರೆ, ಅದು ಕೆಲಸಗಾರನ ಕೈಗೆ ತಲುಪುವುದು ಬೇರೆ.

ಜರ್ಮನಿಯಲ್ಲಿ 1936ರಲ್ಲೇ ಕ್ರೋಮೇಟ್ ಕೆಲಸಗಾರರ ಶ್ವಾಸಕೋಶದ ಕ್ಯಾನ್ಸರನ್ನು ಪರಿಹಾರ ಕೊಡಬೇಕಾದ ವೃತ್ತಿರೋಗವೆಂದು ಒಪ್ಪಿಕೊಂಡಿದ್ದರು. ಅಮೆರಿಕದಲ್ಲಿ ಅಂಕಿಅಂಶ ಸಮೇತ ಮೊದಲ ದೊಡ್ಡ ಪ್ರಬಂಧ ಬಂದದ್ದು 1948ರಲ್ಲಿ. ಮ್ಯಾಕಲ್ ಮತ್ತು ಗ್ರೆಗೋರಿಯಸ್ ಎಂಬಿಬ್ಬರು ಕ್ರೋಮೇಟ್ ಕಾರ್ಖಾನೆಗಳ ಗುಂಪು ವಿಮೆಯ ದಾಖಲೆಗಳನ್ನು ಕೂಡಿಸಿ ನೋಡಿದರು. ಸತ್ತ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಐವರಲ್ಲೊಬ್ಬರು ಉಸಿರಾಟದ ಅಂಗಗಳ ಕ್ಯಾನ್ಸರಿನಿಂದ ಸತ್ತಿದ್ದರು. ಇಂಥ ಪ್ರಮಾಣ ಕಣ್ಣಿಗೆ ಹೊಡೆಯುವಂಥದ್ದು. ಆದರೂ ಗಮನಕ್ಕೆ ಬರಲು ಇಷ್ಟು ಕಾಲ ಏಕೆ ಹಿಡಿಯಿತು ಎಂದು ನೀವು ಕೇಳಬಹುದು. ಗುಳಿ ವಾರದೊಳಗೆ ಕಾಣುತ್ತದೆ, ಕ್ಯಾನ್ಸರ್ ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಕೆಲಸಗಾರ ಕೆಲಸ ಬಿಟ್ಟಿರುತ್ತಾನೆ, ಊರಿಗೆ ಮರಳಿರುತ್ತಾನೆ. ಆಸ್ಪತ್ರೆಯಲ್ಲಿ ‘ಬೀಡಿ ಸೇದುತ್ತೀಯಾ’ ಎಂದು ಕೇಳುತ್ತಾರೆಯೇ ಹೊರತು ‘ಇಪ್ಪತ್ತೈದು ವರ್ಷದ ಹಿಂದೆ ಯಾವ ಟ್ಯಾಂಕಿನ ಮುಂದೆ ನಿಂತಿದ್ದೆ’ ಎಂದು ಕೇಳುವವರು ವಿರಳ. ಇನ್ನೊಂದು ತೊಡಕು ಲೆಕ್ಕದ್ದು. ಕಾರ್ಖಾನೆಗೆ ಸೇರುವವರು ಮೊದಲೇ ಗಟ್ಟಿಮುಟ್ಟಾದವರು, ಕಾಯಿಲೆಯವರು ಸೇರುವುದಿಲ್ಲ ಅಥವಾ ಬೇಗ ಬಿಟ್ಟುಹೋಗುತ್ತಾರೆ. ಹಾಗಾಗಿ ಕೆಲಸದಲ್ಲಿರುವವರನ್ನು ಊರಿನ ಎಲ್ಲ ಜನರೊಂದಿಗೆ ಹೋಲಿಸಿದರೆ ಕಾರ್ಖಾನೆಯವರೇ ಹೆಚ್ಚು ಆರೋಗ್ಯವಂತರಾಗಿ ಕಾಣುತ್ತಾರೆ. ಕೆಲಸ ಬಿಟ್ಟವರನ್ನು ಹುಡುಕಿ ಲೆಕ್ಕಕ್ಕೆ ಸೇರಿಸದ ಯಾವ ಅಧ್ಯಯನವೂ ವಿಷವನ್ನು ನಿರಪಾಯವೆಂದು ತೋರಿಸಿಬಿಡಬಲ್ಲದು, ಬರೆದವರು ಪೂರ್ತಿ ಪ್ರಾಮಾಣಿಕರಾಗಿದ್ದರೂ.

ಅಚ್ಚು ಹಾಕುವ ಮೊದಲು ಯಾರೂ ಪರೀಕ್ಷಿಸುವುದಿಲ್ಲವೇ ಎಂದಿರಿ. ಪರೀಕ್ಷಿಸುತ್ತಾರೆ. ಸಂಶೋಧನಾ ಪತ್ರಿಕೆಯ ಸಂಪಾದಕರು ಬಂದ ಹಸ್ತಪ್ರತಿಯನ್ನು ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕಳಿಸುತ್ತಾರೆ. ಅವರು ಸಾಮಾನ್ಯವಾಗಿ ಸಂಬಳವಿಲ್ಲದೆ ಓದಿ, ವಿಧಾನ ಸರಿಯಿದೆಯೇ, ಲೆಕ್ಕ ಕೂಡುತ್ತದೆಯೇ, ತೀರ್ಮಾನ ಅಂಕಿಗಳಿಗೆ ಮೀರಿದೆಯೇ ಎಂದು ನೋಡಿ ಅಭಿಪ್ರಾಯ ಬರೆಯುತ್ತಾರೆ. ಇದು ಬೆಲೆಯುಳ್ಳ ಕೆಲಸ, ಎಷ್ಟೋ ಹುಳುಕುಗಳು ಇಲ್ಲೇ ಸಿಕ್ಕಿಬೀಳುತ್ತವೆ. ಆದರೆ ಪರಿಶೀಲಕರು ನೋಡುವುದು ಹಸ್ತಪ್ರತಿಯನ್ನು, ಕಾರ್ಖಾನೆಯನ್ನಲ್ಲ. ಹಾಜರಿ ಪುಸ್ತಕ, ಗಾಳಿಯ ಅಳತೆಯ ಚೀಟಿಗಳು, ಮರಣಪತ್ರಗಳು ಅವರ ಮೇಜಿಗೆ ಬರುವುದಿಲ್ಲ. ಕೊಟ್ಟ ಅಂಕಿಗಳಲ್ಲಿ ತಪ್ಪಿದ್ದರೆ ಹಿಡಿಯಬಲ್ಲರು, ಕೊಡದೇ ಬಿಟ್ಟ ಅಂಕಿಗಳನ್ನು ಹಿಡಿಯಲಾರರು. ಯಾರು ಬರೆದರು ಎಂದು ಹೇಳಿದ್ದನ್ನು ನಂಬಲೇಬೇಕು. ಈ ಎರಡು ಕಿಂಡಿಗಳ ಮೂಲಕ ಏನೇನು ನುಸುಳಿದೆ ಎಂಬುದಕ್ಕೆ ಕ್ರೋಮಿಯಂನದೇ ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ಚೀನಾದಿಂದ ಶುರುವಾಗುತ್ತದೆ. ಲಿಯಾವೊನಿಂಗ್ ಪ್ರಾಂತ್ಯದ ಜಿನ್‌ಝೌ ನಗರದ ಬಳಿ ಲೋಹಮಿಶ್ರಣ ಕಾರ್ಖಾನೆಯೊಂದರ ಕ್ರೋಮಿಯಂ ತ್ಯಾಜ್ಯ ಸುತ್ತಲಿನ ಹಳ್ಳಿಗಳ ಬಾವಿಗೆ ಇಳಿದು ನೀರು ಹಳದಿಯಾಗಿತ್ತು. ಅಲ್ಲಿನ ವೈದ್ಯ ಝಾಂಗ್ ಜಿಯಾನ್‌ಡಾಂಗ್ ವರ್ಷಗಟ್ಟಲೆ ಆ ಹಳ್ಳಿಗಳ ಸಾವುಗಳನ್ನು ದಾಖಲಿಸಿ, 1987ರಲ್ಲಿ ಚೀನೀ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು: ಈ ನೀರು ಕುಡಿದವರಲ್ಲಿ ಕ್ಯಾನ್ಸರ್ ಸಾವು, ಅದರಲ್ಲೂ ಹೊಟ್ಟೆಯ ಕ್ಯಾನ್ಸರಿನ ಸಾವು, ಹೆಚ್ಚು. ಹತ್ತು ವರ್ಷದ ನಂತರ, 1997ರಲ್ಲಿ, ಅಮೆರಿಕದ ‘ಜರ್ನಲ್ ಆಫ್ ಆಕ್ಯುಪೇಷನಲ್ ಅಂಡ್ ಎನ್ವಿರಾನ್‌ಮೆಂಟಲ್ ಮೆಡಿಸಿನ್’ ಪತ್ರಿಕೆಯಲ್ಲಿ ಅದೇ ಝಾಂಗ್ ಹೆಸರಿನಲ್ಲಿ ಇನ್ನೊಂದು ಪ್ರಬಂಧ ಬಂತು. ಹಳ್ಳಿಗಳು ಅವೇ, ಸಾವುಗಳೂ ಅವೇ, ಆದರೆ ತೀರ್ಮಾನ ತಿರುವುಮುರುವು: ಈ ಕ್ಯಾನ್ಸರಿಗೆ ಕ್ರೋಮಿಯಂ ಕಾರಣವೆನ್ನಲಾಗದು, ಜೀವನಶೈಲಿಯಂಥ ಬೇರೆ ಕಾರಣಗಳಿರಬಹುದು.

ಆ ನಡುವೆ ಅಮೆರಿಕದಲ್ಲಿ ಏನು ನಡೆದಿತ್ತು ಎಂಬುದು ನಿಮಗೆ ಸಿನಿಮಾದ ಮೂಲಕ ಗೊತ್ತಿರಬಹುದು. ಜೂಲಿಯಾ ರಾಬರ್ಟ್ಸ್ ನಟಿಸಿದ, 2000ದಲ್ಲಿ ಬಂದ ‘ಎರಿನ್ ಬ್ರೊಕೊವಿಚ್’ ಚಿತ್ರದ ಕಥೆ ನಿಜವಾಗಿ ನಡೆದದ್ದೇ. ಕ್ಯಾಲಿಫೋರ್ನಿಯಾದ ಹಿಂಕ್ಲಿ ಎಂಬ ಸಣ್ಣ ಊರಿನ ಬಳಿ ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿ 1952ರಿಂದ 1966ರವರೆಗೆ ಕೂಲಿಂಗ್ ಟವರ್‌ಗಳಿಗೆ ತುಕ್ಕು ಹಿಡಿಯದಿರಲೆಂದು ಕ್ರೋಮಿಯಂ-6 ಬಳಸಿ, ಆ ನೀರನ್ನು ಒಳಪದರವಿಲ್ಲದ ಹೊಂಡಗಳಿಗೆ ಬಿಟ್ಟಿತ್ತು. ಜನ ದಾವೆ ಹೂಡಿದರು, 1996ರಲ್ಲಿ 33.3 ಕೋಟಿ ಡಾಲರಿಗೆ ರಾಜಿಯಾಯಿತು. ದಾವೆ ನಡೆಯುತ್ತಿದ್ದಾಗ ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದ ಕೆಮ್‌ರಿಸ್ಕ್ ಎಂಬ ಸಲಹಾ ಸಂಸ್ಥೆ ಚೀನಾದ ಆ ವೈದ್ಯರನ್ನು ಹುಡುಕಿ ಸಂಪರ್ಕಿಸಿತ್ತು. 1997ರ ಪ್ರಬಂಧದ ತಯಾರಿಯಲ್ಲಿ ಆ ಸಂಸ್ಥೆಯ ಕೈಯಿತ್ತು. ಪ್ರಬಂಧದಲ್ಲಿ ಮಾತ್ರ ಆ ಸಂಸ್ಥೆಯ ಹೆಸರೂ ಇಲ್ಲ, ಹಣದ ಮೂಲವೂ ಇಲ್ಲ. ಇದು ಹೊರಬಿದ್ದದ್ದು 2005ರ ಕೊನೆಯಲ್ಲಿ, ‘ವಾಲ್ ಸ್ಟ್ರೀಟ್ ಜರ್ನಲ್’ ವರದಿಯಿಂದ. 2006ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂಪಡೆಯಿತು. ಕೊಟ್ಟ ಕಾರಣ, ಹಣ ಮತ್ತು ಬರವಣಿಗೆಯಲ್ಲಿ ಹೊರಗಿನವರ ಪಾಲಿದ್ದದ್ದನ್ನು ಬಹಿರಂಗಪಡಿಸಿರಲಿಲ್ಲ ಎಂಬುದು. ಅಂಕಿಗಳು ಸುಳ್ಳೆಂದು ಅಲ್ಲ. ಮುಂದೆ 2008ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ವಿಜ್ಞಾನಿಗಳು ಅದೇ ಹಳ್ಳಿಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚಿದ್ದುದನ್ನು ತೋರಿಸಿದರು, ಮರುವರ್ಷವೇ ಸಲಹಾ ಸಂಸ್ಥೆಯವರು ಇನ್ನೊಂದು ಲೆಕ್ಕ ಮುಂದಿಟ್ಟು ಅದನ್ನು ಅಲ್ಲಗಳೆದರು. ಕುಡಿಯುವ ನೀರಿನ ಕ್ರೋಮಿಯಂ ಬಗೆಗಿನ ವಾದ ಹೀಗೆ ನಡೆಯುತ್ತಲೇ ಬಂತು. ಉಸಿರಿನ ಮೂಲಕ ಹೋಗುವುದರ ಬಗ್ಗೆ ಇಂಥ ವಾದವಿಲ್ಲ. ಮಾರಾಟಗಾರರು ತೋರಿಸುವ ಪ್ರಬಂಧ ನೀರಿನದೋ ಗಾಳಿಯದೋ ಎಂದು ಮೊದಲು ನೋಡಿ. ಒಂದರ ಅನುಮಾನವನ್ನು ಇನ್ನೊಂದರ ಮೇಲೆ ಹೊದಿಸುವುದು ಹಳೆಯ ತಂತ್ರ.

ಎರಡನೆಯ ಪ್ರಕರಣ ನಿಮಗೆ ಇನ್ನೂ ಹತ್ತಿರದ್ದು, ಅದು ಗಾಳಿಯದೇ. ಅಮೆರಿಕದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 52 ಮೈಕ್ರೋಗ್ರಾಂ ಕ್ರೋಮಿಯಂ-6 ಇರಬಹುದು ಎಂಬ ಹಳೆಯ ಮಿತಿ ಇತ್ತು. 1993ರಲ್ಲಿ ‘ಪಬ್ಲಿಕ್ ಸಿಟಿಜನ್’ ಎಂಬ ನಾಗರಿಕ ಸಂಘಟನೆ ಮತ್ತು ಕಾರ್ಮಿಕ ಸಂಘದವರು ಇದನ್ನು ಇಳಿಸಬೇಕೆಂದು ಅರ್ಜಿ ಕೊಟ್ಟರು. ಸರ್ಕಾರದ ಕಾರ್ಮಿಕ ಸುರಕ್ಷತಾ ಇಲಾಖೆ ಒಪ್ಪಿಕೊಂಡಿತು, ಆದರೆ ಮುಂದಕ್ಕೆ ಹಾಕುತ್ತಲೇ ಬಂತು. ಕೊನೆಗೆ 2002ರಲ್ಲಿ ನ್ಯಾಯಾಲಯ ಗಡುವು ಹಾಕಬೇಕಾಯಿತು. 2004ರಲ್ಲಿ ಇಲಾಖೆ 1 ಮೈಕ್ರೋಗ್ರಾಂ ಮಿತಿಯನ್ನು ಪ್ರಸ್ತಾಪಿಸಿತು. ಆ ಹೊತ್ತಿಗೆ ಎಲ್ಲರೂ ಉತ್ತರ ಹುಡುಕುತ್ತಿದ್ದ ಪ್ರಶ್ನೆ ಒಂದೇ: ಆಧುನಿಕ ಕಾರ್ಖಾನೆಗಳಲ್ಲಿರುವಂಥ ಕಡಿಮೆ ಪ್ರಮಾಣದಲ್ಲೂ ಕ್ಯಾನ್ಸರ್ ಬರುತ್ತದೆಯೇ?

ಇದಕ್ಕೆ ಉತ್ತರಿಸಬಲ್ಲ ಅಧ್ಯಯನವೊಂದು ಉದ್ಯಮದವರ ಬಳಿಯೇ ಇತ್ತು. ಅಮೆರಿಕದ ಎರಡು, ಜರ್ಮನಿಯ ಎರಡು, ಒಟ್ಟು ನಾಲ್ಕು ಕ್ರೋಮೇಟ್ ಕಾರ್ಖಾನೆಗಳನ್ನು ಒಟ್ಟಿಗೆ ನೋಡುವಂತೆ ಉದ್ಯಮವೇ ದುಡ್ಡು ಕೊಟ್ಟು ಮಾಡಿಸಿದ್ದದು. ನಾಲ್ಕನ್ನೂ ಕೂಡಿಸಿ ನೋಡಿದಾಗ ಮಧ್ಯಮ ಪ್ರಮಾಣದ ಹಬೆಯಲ್ಲಿ ಕೆಲಸ ಮಾಡಿದವರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಎದ್ದು ಕಾಣುತ್ತಿತ್ತು. ಆದರೆ ಹಾಗೆ ಕೂಡಿಸಿದ ಫಲಿತಾಂಶ ಪತ್ರಿಕೆಯಲ್ಲಿ ಬರಲಿಲ್ಲ, ಇಲಾಖೆಯ ಕೈಗೂ ಹೋಗಲಿಲ್ಲ. ಅಧ್ಯಯನವನ್ನು ಎರಡಾಗಿ ಸೀಳಿ, ಅಮೆರಿಕದ್ದು ಒಂದು ಪ್ರಬಂಧ, ಜರ್ಮನಿಯದು ಇನ್ನೊಂದು ಎಂದು ಪ್ರಕಟಿಸಲಾಯಿತು. ಗುಂಪು ಚಿಕ್ಕದಾದಷ್ಟೂ ಸಾವುಗಳ ಸಂಖ್ಯೆ ಚಿಕ್ಕದಾಗುತ್ತದೆ, ‘ಇದು ಆಕಸ್ಮಿಕವೂ ಇರಬಹುದು’ ಎನ್ನುವುದು ಸುಲಭವಾಗುತ್ತದೆ. ಅಮೆರಿಕದ ಪ್ರಬಂಧದಲ್ಲಿ ಹೆಚ್ಚಳವೇ ಕಾಣಲಿಲ್ಲ. ಜರ್ಮನಿಯದರಲ್ಲಿ ತೀರಾ ಹೆಚ್ಚು ಹಬೆ ಕುಡಿದವರಲ್ಲಿ ಮಾತ್ರ ಕಂಡಿತು. ಎರಡು ಪ್ರಬಂಧಗಳಲ್ಲೂ ಸುಳ್ಳು ಅಂಕಿ ಒಂದೂ ಇರಬೇಕಿಲ್ಲ. ಪರಿಶೀಲಕರು ಎಷ್ಟು ಜಾಣರಾಗಿದ್ದರೂ ತಮ್ಮ ಮುಂದಿಲ್ಲದ ಇನ್ನರ್ಧವನ್ನು ಕೂಡಿಸಿ ನೋಡಲಾರರು. ಇದನ್ನು ಬಯಲು ಮಾಡಿದ್ದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಮೈಕೆಲ್ಸ್ ಮತ್ತು ಸಂಗಡಿಗರು, 2006ರ ಆರಂಭದಲ್ಲಿ, ‘ಎನ್ವಿರಾನ್‌ಮೆಂಟಲ್ ಹೆಲ್ತ್’ ಪತ್ರಿಕೆಯ ಪ್ರಬಂಧದಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಇಲಾಖೆ ಅಂತಿಮ ಮಿತಿ ಪ್ರಕಟಿಸಿತು: 5 ಮೈಕ್ರೋಗ್ರಾಂ. ಪ್ರಸ್ತಾಪಿಸಿದ್ದಕ್ಕಿಂತ ಐದು ಪಟ್ಟು ಸಡಿಲ. ಆ ಮಿತಿಯೊಳಗೇ 45 ವರ್ಷ ದುಡಿದ ಸಾವಿರ ಮಂದಿಯಲ್ಲಿ 10ರಿಂದ 45 ಮಂದಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯಬಹುದೆಂದು ಇಲಾಖೆಯೇ ಲೆಕ್ಕ ಹಾಕಿತ್ತು. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮೈಕೆಲ್ಸ್ ಮುಂದೆ 2009ರಿಂದ ಅದೇ ಇಲಾಖೆಯ ಮುಖ್ಯಸ್ಥರಾದರು.

ಕ್ರೋಮಿಯಂ ಒಂದರಲ್ಲೇ ಹೀಗಾದದ್ದಲ್ಲ. ಪಿ.ವಿ.ಸಿ. ಪೈಪಿನ ಮೂಲವಸ್ತು ವಿನೈಲ್ ಕ್ಲೋರೈಡ್ ಇದೆಯಲ್ಲ, ಅದರ ಕಥೆ ಇನ್ನೂ ಒರಟು. 1970ರ ದಶಕದ ಆರಂಭದಲ್ಲಿ ಇಟಲಿಯ ಬೊಲೋನ್ಯಾದ ವಿಜ್ಞಾನಿ ಚೇಸರೆ ಮಾಲ್ತೋನಿ ಯೂರೋಪಿನ ಕಂಪನಿಗಳ ದುಡ್ಡಿನಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ 250 ಭಾಗದಷ್ಟಿದ್ದರೂ ಯಕೃತ್ತಿನಲ್ಲಿ ಆಂಜಿಯೋಸಾರ್ಕೋಮ ಎಂಬ ಅಪರೂಪದ ಕ್ಯಾನ್ಸರ್ ಬರುವುದನ್ನು ಕಂಡರು. ಆಗ ಅಮೆರಿಕದ ಕಾನೂನಿನಲ್ಲಿದ್ದ ಮಿತಿ 500 ಭಾಗ. ಅಮೆರಿಕದ ಕಂಪನಿಗಳು 1972ರಲ್ಲಿ, ಬಾಯಿ ಬಿಡುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿ ಈ ಮಾಹಿತಿ ಪಡೆದುಕೊಂಡವು. ಕೆಲಸಗಾರರಿಗೆ ಸುಳಿವಿಲ್ಲ. 1974ರ ಜನವರಿಯಲ್ಲಿ ಕೆಂಟಕಿ ರಾಜ್ಯದ ಲೂಯಿವಿಲ್ ಕಾರ್ಖಾನೆಯ ವೈದ್ಯ ಜಾನ್ ಕ್ರೀಚ್ ಗಮನಿಸಿದ ಸಂಗತಿ ಹೊರಬಂತು: ಅಲ್ಲಿನ ಮೂವರು ಕೆಲಸಗಾರರು ಅದೇ ಅಪರೂಪದ ಕ್ಯಾನ್ಸರಿನಿಂದ ಸತ್ತಿದ್ದರು. ಗುಡ್‌ರಿಚ್ ಕಂಪನಿಯೇ ಅದನ್ನು ಬಹಿರಂಗಪಡಿಸಿತು, ಕ್ರೀಚ್ ಅದೇ ವರ್ಷ ಸಹೋದ್ಯೋಗಿಯೊಂದಿಗೆ ಪ್ರಬಂಧ ಬರೆದರು. ಕೆಲವೇ ತಿಂಗಳಲ್ಲಿ ಮಿತಿ 50ಕ್ಕೆ, ಮರುವರ್ಷ 1ಕ್ಕೆ ಇಳಿಯಿತು. ಉದ್ಯಮ ಮುಳುಗುತ್ತದೆ ಎಂದು ಹೇಳಿದ್ದರು, ಮುಳುಗಲಿಲ್ಲ. ಇವತ್ತಿಗೂ ಪಿ.ವಿ.ಸಿ. ಪೈಪ್ ಇಲ್ಲದ ಮನೆ ಎಲ್ಲಿದೆ?

ಈ ಕೊನೆಯ ಪ್ರಕರಣವನ್ನು ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಕಂಪನಿಯ ದುಡ್ಡಿನಲ್ಲಿ ಆದ ಸಂಶೋಧನೆಯೆಲ್ಲ ಸುಳ್ಳು ಎಂದು ನೀವು ತಿಳಿಯಬಾರದು. ಮಾಲ್ತೋನಿಗೆ ಹಣ ಕೊಟ್ಟದ್ದು ಕಂಪನಿಗಳೇ, ಕ್ರೀಚ್ ಕಂಪನಿಯ ಸಂಬಳದ ವೈದ್ಯರೇ. ಕಾರ್ಖಾನೆಯೊಳಗಿನ ದಾಖಲೆಗಳಿಲ್ಲದೆ ವೃತ್ತಿರೋಗದ ಸಂಶೋಧನೆ ನಡೆಯುವುದೇ ಕಷ್ಟ. ಹಣ ಯಾರದು ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಫಲಿತಾಂಶ ಹೇಗೇ ಬಂದರೂ ಅಚ್ಚು ಹಾಕುವ ಹಕ್ಕು ಸಂಶೋಧಕರ ಕೈಯಲ್ಲಿತ್ತೇ ಎಂಬುದು. ಅಂಕಿಗಳು ಹಣ ಕೊಟ್ಟವರ ಬೀರುವಿನಲ್ಲಿದ್ದು, ಏನನ್ನು ಹೊರಬಿಡಬೇಕೆಂದು ಅವರೇ ತೀರ್ಮಾನಿಸುವುದಾದರೆ, ಹೊರಬಂದ ಪ್ರಬಂಧ ಪೂರ್ತಿ ನಿಜವಾಗಿದ್ದೂ ನಿಮ್ಮನ್ನು ದಾರಿ ತಪ್ಪಿಸಬಹುದು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದೇ.

ಹಾಗಾದರೆ ಪ್ರಬಂಧ ಕೈಗೆ ಬಂದಾಗ ಏನು ನೋಡಬೇಕು? ಮಗಳ ಜೊತೆ ಕೂತು ಓದಿ. ಮೊದಲ ಪುಟದ ಸಾರಾಂಶಕ್ಕಿಂತ ಮೊದಲು ಕೊನೆಯ ಪುಟಕ್ಕೆ ಹೋಗಿ. ಹಣ ಯಾರದು, ಲೇಖಕರಿಗೆ ಯಾವ ಕಂಪನಿಯ ನಂಟಿದೆ, ನ್ಯಾಯಾಲಯದಲ್ಲಿ ಯಾರ ಪರ ಸಾಕ್ಷಿ ಹೇಳಿದ್ದಾರೆ ಎಂಬುದನ್ನು ಈಗಿನ ಒಳ್ಳೆಯ ಪತ್ರಿಕೆಗಳು ಅಲ್ಲಿ ಕೇಳಿ ಹಾಕುತ್ತವೆ. ಆಮೇಲೆ ಎಷ್ಟು ಜನರನ್ನು, ಎಷ್ಟು ವರ್ಷ ಹಿಂಬಾಲಿಸಿದರು ನೋಡಿ. ಇಪ್ಪತ್ತು ವರ್ಷ ತೆಗೆದುಕೊಳ್ಳುವ ಕ್ಯಾನ್ಸರನ್ನು ಐದು ವರ್ಷ ನೋಡಿ ‘ಕಾಣಲಿಲ್ಲ’ ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಕೆಲಸ ಬಿಟ್ಟವರನ್ನು ಸೇರಿಸಿದ್ದಾರೆಯೇ? ಗಾಳಿಯನ್ನು ಅಳೆದಿದ್ದಾರೆಯೇ, ಅಥವಾ ಅಂದಾಜು ಮಾಡಿದ್ದಾರೆಯೇ? ಹೋಲಿಸಿದ್ದು ಯಾರೊಂದಿಗೆ? ಅಪಾಯ ಕಂಡುಬರಲಿಲ್ಲ ಎನ್ನುವುದಕ್ಕೂ ಅಪಾಯವಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ. ಕೊನೆಗೆ, ಒಂದೇ ಪ್ರಬಂಧದ ಮೇಲೆ ಯಾವ ತೀರ್ಮಾನವನ್ನೂ ನಿಲ್ಲಿಸಬೇಡಿ, ಅದು ಮಗಳು ತಂದದ್ದಾದರೂ. ಲಿಯಾನ್ ಸಂಸ್ಥೆಯಂಥವರು ಬೇರೆ ಬೇರೆ ದೇಶಗಳ ಎಲ್ಲ ಪ್ರಬಂಧಗಳನ್ನೂ ಒಟ್ಟಿಗಿಟ್ಟು ತೂಗಿ ಹೇಳಿದ್ದಕ್ಕೆ ಹೆಚ್ಚಿನ ಬೆಲೆ. ಅವರ ಸಂಪುಟಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ.

ನಮ್ಮ ದೇಶದ ಮಾತಿಗೆ ಬಂದರೆ ಕೊರತೆ ಬೇರೆ ಬಗೆಯದು. ಇಲ್ಲಿ ತಿರುಚಿದ ಪ್ರಬಂಧಗಳಿಗಿಂತ ಹುಟ್ಟದೇ ಹೋದ ಪ್ರಬಂಧಗಳೇ ಹೆಚ್ಚು. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಬಗ್ಗೆ ಮೊದಲ ವರದಿ ಬಂದದ್ದು 1947ರಲ್ಲಿ, ನಮ್ಮದೇ ಕೋಲಾರದ ಚಿನ್ನದ ಗಣಿಯಿಂದ. ಕಲ್ಲಿನ ಧೂಳು ಕುಡಿದು ಸತ್ತವರು ದೇಶದಲ್ಲಿ ಅಲ್ಲಿ ಮಾತ್ರ ಇದ್ದರೆಂದಲ್ಲ. ಅಲ್ಲಿ ಆಸ್ಪತ್ರೆ ಇತ್ತು, ಎಕ್ಸ್-ರೇ ಇತ್ತು, ಯಾರು ಎಷ್ಟು ವರ್ಷ ಗಣಿಗೆ ಇಳಿದರೆಂಬ ದಾಖಲೆ ಇತ್ತು. ಪೀಣ್ಯದಲ್ಲಿ ಹತ್ತು ಹನ್ನೆರಡು ಜನರ ಪ್ಲೇಟಿಂಗ್ ಘಟಕದಲ್ಲಿ ಇದ್ಯಾವುದೂ ಇರುವುದಿಲ್ಲ. ಹುಡುಗರು ಗುತ್ತಿಗೆಯವರು, ಎರಡು ವರ್ಷ ಇಲ್ಲಿ, ಮೂರು ವರ್ಷ ಬೊಮ್ಮಸಂದ್ರದಲ್ಲಿ, ಆಮೇಲೆ ಬಿಹಾರಕ್ಕೋ ಒಡಿಶಾಕ್ಕೋ ವಾಪಸು. ಅವರ ಮೂಗಿನ ತೂತು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ-6 ಇರುವುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಗಳು ದಾಖಲಿಸಿವೆ. ನೀರನ್ನು ಬೋರ್‌ವೆಲ್‌ನಿಂದ ತೆಗೆದು ಪರೀಕ್ಷಿಸಬಹುದು, ಹೊರಟುಹೋದ ಕೆಲಸಗಾರನನ್ನು ಎಲ್ಲಿಂದ ತರುವುದು?

ಕಾನೂನು ಇಲ್ಲವೆಂದಲ್ಲ. ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯು ಕೆಮಿಕಲ್‌ಗಳ ಅಪಾಯವನ್ನು ಕೆಲಸಗಾರರಿಗೆ ತಿಳಿಸುವುದು ಮಾಲೀಕರ ಕರ್ತವ್ಯವೆಂದು ಹೇಳಿತು. ಇದೇ ಬಗೆಯ ಕರ್ತವ್ಯ 2020ರ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಇದೆ. ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ 29 ವೃತ್ತಿರೋಗಗಳಿದ್ದವು. ಕ್ರೋಮ್ ಹುಣ್ಣು ಅದರಲ್ಲಿ ಹೆಸರಿಟ್ಟು ಹೇಳಿದ ರೋಗ, ಹತ್ತನೆಯದು. ಅಂದರೆ ನಿಮ್ಮ ಹುಡುಗರ ಬೆರಳಿನ ಗುಳಿ ಮುಲಾಮು ಹಚ್ಚಿ ಮರೆಯುವ ವಿಷಯವಲ್ಲ, ಕಾನೂನು ಗುರುತಿಸಿದ ರೋಗ. ನೋಡಿದ ವೈದ್ಯರು ಅದನ್ನು ವರದಿ ಮಾಡಬೇಕು. ಗಾಳಿಯ ಮಿತಿ ಆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಘನ ಮೀಟರಿಗೆ 0.05 ಮಿಲಿಗ್ರಾಂ ಇತ್ತು, ಅಂದರೆ 50 ಮೈಕ್ರೋಗ್ರಾಂ. ಅಮೆರಿಕದವರು 2006ರಲ್ಲಿ ಕೈಬಿಟ್ಟ ಹಳೆಯ ಮಿತಿಯ ಆಸುಪಾಸು. ‘ನಮ್ಮಲ್ಲಿ ಎಲ್ಲ ಲಿಮಿಟ್ ಒಳಗಿದೆ’ ಎಂದು ಯಾರಾದರೂ ಹೇಳಿದರೆ, ಯಾವ ಲಿಮಿಟ್ ಎಂದು ಕೇಳಿ.

ಸೂಪರ್‌ವೈಸರ್ ಆಗಿ ನೀವು ಈ ತಿಂಗಳೇ ಮಾಡಬಹುದಾದದ್ದು ಹಲವಿದೆ. ಟ್ಯಾಂಕಿನ ಅಂಚಿನಲ್ಲೇ ಹಬೆ ಎಳೆದುಕೊಳ್ಳುವ ಎಕ್ಸಾಸ್ಟ್ ಇರಬೇಕು. ಗೋಡೆಯ ಮೇಲಿನ ಫ್ಯಾನ್ ಹಬೆಯನ್ನು ಮುಖದ ಮುಂದಿನಿಂದಲೇ ಎಳೆದೊಯ್ಯುತ್ತದೆ, ಅದರಿಂದ ಪ್ರಯೋಜನ ಕಡಿಮೆ. ಬಾತ್‌ನ ಮೇಲ್ಮೈಯಲ್ಲಿ ಹಬೆ ತಡೆಯುವ ದ್ರಾವಣ ಬಳಸುತ್ತಿದ್ದರೆ ಅದರ ಸೇಫ್ಟಿ ಡೇಟಾ ಶೀಟ್ ಕೇಳಿ ಪಡೆಯಿರಿ. ಈ ಕೆಲಸಕ್ಕೆ ಬಹುಕಾಲ ಬಳಸಿದ ಪಿ.ಎಫ್.ಒ.ಎಸ್. ಎಂಬುದನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದಡಿ ನಿರ್ಬಂಧಿತ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಕೈಗವಸು ಮೊಣಕೈವರೆಗೆ ಬರುವಂಥದ್ದು ಇರಲಿ, ಒಳಗೆ ಆಸಿಡ್ ಹೊಕ್ಕ ಕೈಗವಸು ಬರಿಗೈಗಿಂತ ಕೆಟ್ಟದ್ದು. ಟ್ಯಾಂಕಿನ ಬಳಿ ಊಟ, ಟೀ, ಬೀಡಿ ಬೇಡ. ಹುಡುಗರನ್ನು ಇ.ಎಸ್.ಐ. ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕಳಿಸಿ ಮೂಗಿನ ನಡುಗೋಡೆ ಪರೀಕ್ಷೆ ಮಾಡಿಸಿ. ಚೀಟಿಯಲ್ಲಿ ‘ಕ್ರೋಮ್ ಪ್ಲೇಟಿಂಗ್ ಕೆಲಸ, ಇಷ್ಟು ವರ್ಷ’ ಎಂದು ವೈದ್ಯರಿಂದ ಬರೆಸಿ. ಆ ಒಂದು ಸಾಲು ಇಪ್ಪತ್ತು ವರ್ಷದ ನಂತರ ಪರಿಹಾರ ಕೇಳುವಾಗ ಅವರ ಪಾಲಿನ ಸಾಕ್ಷಿ.

ಇನ್ನು ಮಗಳಿಗೆ ಒಂದು ಮಾತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರ ಬೆಂಗಳೂರಿನಲ್ಲೇ, ದೇವನಹಳ್ಳಿ ಕಡೆ ಇದೆ. ಎಂ.ಎಸ್ಸಿ. ಯೋಜನಾ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ತನ್ನ ಪ್ರಾಧ್ಯಾಪಕರ ಮೂಲಕ ಅಲ್ಲಿಗೆ ಬರೆಯಲಿ. ಕೆಲವು ಪ್ಲೇಟಿಂಗ್ ಘಟಕಗಳ ಗಾಳಿಯ ಅಳತೆ, ಕೆಲಸಗಾರರ ಮೂತ್ರದಲ್ಲಿನ ಕ್ರೋಮಿಯಂ, ಮೂಗಿನ ಪರೀಕ್ಷೆ, ಇಷ್ಟನ್ನು ನೈತಿಕ ಸಮಿತಿಯ ಒಪ್ಪಿಗೆ ಮತ್ತು ಕೆಲಸಗಾರರ ಒಪ್ಪಿಗೆ ಪಡೆದು ಸರಿಯಾಗಿ ಮಾಡಿದರೆ ಅದು ಅಚ್ಚಿಗೆ ಯೋಗ್ಯವಾದ ಕೆಲಸವೇ. ‘ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಅಂಡ್ ಎನ್ವಿರಾನ್‌ಮೆಂಟಲ್ ಮೆಡಿಸಿನ್’ ನಮ್ಮ ದೇಶದ್ದೇ ಪತ್ರಿಕೆ, ಅದನ್ನು ಇಂಟರ್‌ನೆಟ್ಟಿನಲ್ಲಿ ದುಡ್ಡಿಲ್ಲದೆ ಓದಬಹುದು. ಘಟಕದ ಮಾಲೀಕರು ಸಹಕರಿಸಿದರೆ ಮೊದಲೇ ಒಂದು ಕಾಗದದಲ್ಲಿ ಬರೆಸಿಕೊಳ್ಳಲಿ: ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರದು, ಮತ್ತು ಪರೀಕ್ಷೆಯ ವರದಿ ಮೊದಲು ಹೋಗುವುದು ಆಯಾ ಕೆಲಸಗಾರನ ಕೈಗೆ, ಅವನಿಗೆ ತಿಳಿಯುವ ಭಾಷೆಯಲ್ಲಿ.

ಮಾರಾಟಗಾರರು ಮತ್ತೆ ಬಂದಾಗ ಆ ಪ್ರಬಂಧದ ಕೊನೆಯ ಪುಟದ ಫೋಟೋ ತೆಗೆದು ನಮಗೆ ಕಳಿಸಿ. ಹಣ ಯಾರದು, ಗುಂಪು ಎಷ್ಟು ದೊಡ್ಡದು, ಎಷ್ಟು ವರ್ಷ ನೋಡಿದ್ದಾರೆ ಎಂಬುದನ್ನು ನೋಡಿ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.